ಸ್ಟೆಂಟೋ ಮಾತ್ರೆಯೋ, ಆಪರೇಷನ್ನೋ ಕಾಯುವುದೋ: ಸಂಶೋಧನೆ ನೋಡಿ ಆರಿಸುವುದು ಹೇಗೆ?

"ಇದಕ್ಕೆ ಎರಡು ದಾರಿ ಇದೆ, ಯಾವುದು ಮಾಡೋಣ?" ಎಂದು ಡಾಕ್ಟರು ಕೇಳಿದಾಗ ಬಹಳ ಜನ ತಬ್ಬಿಬ್ಬಾಗುತ್ತಾರೆ. "ನೀವೇ ಹೇಳಿ ಡಾಕ್ಟ್ರೇ" ಎಂದು ಸುಮ್ಮನಾಗುತ್ತಾರೆ. ಆದರೆ ಡಾಕ್ಟರು ಆ ಪ್ರಶ್ನೆಯನ್ನು ಸುಮ್ನೆ ಕೇಳಿರುವುದಿಲ್ಲ. ಈಚಿನ ವರ್ಷಗಳಲ್ಲಿ ಎರಡು ಚಿಕಿತ್ಸೆಗಳನ್ನು ಎದುರುಬದುರು ಇಟ್ಟು ನೋಡಿದ ದೊಡ್ಡ ಅಧ್ಯಯನಗಳು ಸಾಲುಸಾಲಾಗಿ ಬಂದಿವೆ. ಹಲವು ಕಾಯಿಲೆಗಳಲ್ಲಿ ಜೀವ ಉಳಿಸುವ ಮಟ್ಟಿಗೆ ಎರಡೂ ದಾರಿ ಹೆಚ್ಚುಕಡಿಮೆ ಒಂದೇ ಎಂದು ಅವು ತೋರಿಸಿವೆ. ವ್ಯತ್ಯಾಸ ಇರುವುದು ಬೇರೆ ಕಡೆ. ನೋವು ಎಷ್ಟು ಬೇಗ ಹೋಗುತ್ತದೆ, ಕೆಲಸಕ್ಕೆ ಎಷ್ಟು ದಿನ ರಜೆ, ಮತ್ತೆ ಆಸ್ಪತ್ರೆಗೆ ಬರಬೇಕಾಗುತ್ತದಾ, ಮೂತ್ರ ಹಿಡಿತದಲ್ಲಿರುತ್ತದಾ, ಮನಸ್ಸಿಗೆ ನೆಮ್ಮದಿ ಇರುತ್ತದಾ. ಇವುಗಳಲ್ಲಿ ಯಾವುದು ಮುಖ್ಯ ಎಂದು ರೋಗಿಯೇ ಹೇಳಬೇಕು. ಅದನ್ನು ಬೇರೆ ಯಾರೂ ಹೇಳಲಾರರು.

ಹೀಗೆ ಆರಿಸಬೇಕಾಗಿ ಬರುವ ಕೆಲವು ಸಂದರ್ಭಗಳನ್ನು ಇಲ್ಲಿ ನೋಡೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯೋಚಿಸಲು ಸಮಯ ಇರುವ ಕಾಯಿಲೆಗಳ ವಿಷಯ. ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಇದ್ಯಾವುದೂ ಅನ್ವಯಿಸುವುದಿಲ್ಲ. ಆಗ ಆದಷ್ಟು ಬೇಗ ಆಸ್ಪತ್ರೆ ಸೇರಬೇಕು, ಅಷ್ಟೇ.

ಅಂಕಿ ನೋಡುವ ಮೊದಲು

ಯಾವ ಅಧ್ಯಯನದ ಬಗ್ಗೆ ಕೇಳಿದರೂ ನಾನು ಮೊದಲು ನೋಡುವುದು ಅದರಲ್ಲಿ ಯಾರಿದ್ದರು, ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬುದನ್ನು. ನಿಮ್ಮಂಥವರನ್ನೇ ಹೊರಗಿಟ್ಟಿದ್ದರೆ ಅದರ ಫಲಿತಾಂಶ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಆಮೇಲೆ ನೋಡುವುದು ಅವರು ಏನನ್ನು ಎಣಿಸಿದರು ಎಂದು. ಸಾವನ್ನೋ, ನೋವನ್ನೋ, ಬರೀ ಸ್ಕ್ಯಾನಿನಲ್ಲಿ ಕಂಡ ಬದಲಾವಣೆಯನ್ನೋ? ಕೊನೆಯದಾಗಿ, ಒಂದು ಗುಂಪಿನಲ್ಲಿದ್ದ ಎಷ್ಟು ಜನ ಮಧ್ಯದಲ್ಲಿ ಇನ್ನೊಂದು ಚಿಕಿತ್ಸೆಗೆ ಹೋದರು? ಈ ಕೊನೆಯ ಅಂಕಿಯನ್ನು ಬಹಳ ಜನ ಗಮನಿಸುವುದೇ ಇಲ್ಲ. ಆದರೆ ತೀರ್ಮಾನಕ್ಕೆ ಎಷ್ಟೋ ಸಲ ಅದೇ ಎಲ್ಲಕ್ಕಿಂತ ಜಾಸ್ತಿ ನೆರವಾಗುತ್ತದೆ.

ಚಿಕಿತ್ಸೆಯನ್ನು ಹೋಲಿಸುವಾಗ ಯಾರು ಯಾವ ಗುಂಪಿಗೆ ಹೋಗಬೇಕು ಎಂದು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರೆ ಆ ಅಧ್ಯಯನಕ್ಕೆ ತೂಕ ಜಾಸ್ತಿ. ಡಾಕ್ಟರೇ ಆರಿಸಿದರೆ ಗಟ್ಟಿಮುಟ್ಟಾದವರು ಆಪರೇಷನ್ ಗುಂಪಿಗೂ ವಯಸ್ಸಾದವರು ಮಾತ್ರೆ ಗುಂಪಿಗೂ ಹೋಗಿಬಿಡಬಹುದು. ಆಗ ಗೆದ್ದದ್ದು ಚಿಕಿತ್ಸೆಯೋ ವಯಸ್ಸೋ ಗೊತ್ತಾಗುವುದಿಲ್ಲ, ಅಲ್ವಾ? ಕೆಳಗೆ ಬರುವ ಚಿಕಿತ್ಸೆಯ ಅಧ್ಯಯನಗಳೆಲ್ಲ ಚೀಟಿ ಎತ್ತಿದ ಜಾತಿಯವು.

ನಡೆದಾಗ ಬರುವ ಎದೆನೋವು: ಯಾವ ಪರೀಕ್ಷೆ?

ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ನಿಂತರೆ ಹೋಗುತ್ತದೆ. ತಿಂಗಳುಗಳಿಂದ ಹೀಗೇ ಇದೆ, ಜಾಸ್ತಿಯೂ ಆಗಿಲ್ಲ. ಇಂಥವರಿಗೆ ಹೃದಯದ ರಕ್ತನಾಳ ನೋಡಲು ಎರಡು ವಿಧಾನ ಇವೆ. ಒಂದು, ಕೈ ಅಥವಾ ತೊಡೆಯ ರಕ್ತನಾಳದಿಂದ ತೆಳುವಾದ ನಳಿಗೆ ತೂರಿಸಿ ಮಾಡುವ ಆಂಜಿಯೋಗ್ರಾಮ್. ಇನ್ನೊಂದು, ಔಷಧಿ ಚುಚ್ಚಿ ಸಿ.ಟಿ. ಯಂತ್ರದಲ್ಲಿ ತೆಗೆಯುವ ಆಂಜಿಯೋಗ್ರಾಮ್.

ಯುರೋಪಿನ 26 ಆಸ್ಪತ್ರೆಗಳಲ್ಲಿ ನಡೆದ 'ಡಿಸ್ಚಾರ್ಜ್' ಅಧ್ಯಯನ 2022ರಲ್ಲಿ ಹೊರಬಂತು. ಅದರಲ್ಲಿ 3,561 ಜನರಿದ್ದರು. ಮೂರೂವರೆ ವರ್ಷದಲ್ಲಿ ಸಾವು, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆದವರು ಸಿ.ಟಿ. ಗುಂಪಿನಲ್ಲಿ ಶೇ. 2.1, ನಳಿಗೆ ಗುಂಪಿನಲ್ಲಿ ಶೇ. 3. ಇದನ್ನು ದೊಡ್ಡ ವ್ಯತ್ಯಾಸ ಎನ್ನುವಂತಿಲ್ಲ. ಆದರೆ ಪರೀಕ್ಷೆ ಮತ್ತು ಅದರಿಂದ ಮುಂದೆ ನಡೆದ ಚಿಕಿತ್ಸೆಗೆ ಸಂಬಂಧಿಸಿದ ದೊಡ್ಡ ತೊಂದರೆಗಳು ಸಿ.ಟಿ. ಗುಂಪಿನಲ್ಲಿ ಶೇ. 0.5, ಇನ್ನೊಂದರಲ್ಲಿ ಶೇ. 1.9. ರಕ್ತನಾಳ ಮುಚ್ಚಿರುವ ಸಾಧ್ಯತೆ ತೀರಾ ಹೆಚ್ಚೂ ಅಲ್ಲ, ತೀರಾ ಕಡಿಮೆಯೂ ಅಲ್ಲ ಎನ್ನುವವರಿಗೆ ಮೊದಲು ಸಿ.ಟಿ. ಮಾಡಿಸುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಸ್ಕಾಟ್ಲೆಂಡಿನ 'ಸ್ಕಾಟ್-ಹಾರ್ಟ್' ಅಧ್ಯಯನ ಇನ್ನೂ ಸ್ವಾರಸ್ಯದ್ದು. 4,146 ಜನರಲ್ಲಿ ಅರ್ಧದಷ್ಟು ಜನರಿಗೆ ಮಾಮೂಲಿ ತಪಾಸಣೆಯ ಜೊತೆಗೆ ಸಿ.ಟಿ.ಯನ್ನೂ ಮಾಡಿದರು. ಐದು ವರ್ಷದಲ್ಲಿ ಹೃದಯದ ಕಾಯಿಲೆಯಿಂದ ಸತ್ತವರು ಅಥವಾ ಹಾರ್ಟ್ ಅಟ್ಯಾಕ್ ಆದವರು ಸಿ.ಟಿ. ಗುಂಪಿನಲ್ಲಿ ಶೇ. 2.3, ಉಳಿದವರಲ್ಲಿ ಶೇ. 3.9. ಹಾಗಂತ ಸಿ.ಟಿ. ಆದವರಿಗೆ ಸ್ಟೆಂಟ್, ಬೈಪಾಸ್ ಜಾಸ್ತಿ ಆಗಿರಲಿಲ್ಲ. ಐದು ವರ್ಷದ ಲೆಕ್ಕದಲ್ಲಿ ಅದು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಸ್ಕ್ಯಾನಿನಲ್ಲಿ ಕೊಬ್ಬಿನ ಪದರ ಕಂಡದ್ದರಿಂದ ಹೆಚ್ಚು ಜನರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್‌ನಂಥ ಮಾತ್ರೆ ಶುರುವಾಯಿತು. ಲಾಭಕ್ಕೆ ಅದೇ ಕಾರಣ ಇರಬೇಕು ಎಂದು ಸಂಶೋಧಕರು ಹೇಳಿದರು. ಪರೀಕ್ಷೆ ಮಾಡಿಸಿ, ವರದಿಯನ್ನು ಬೀರುವಿನಲ್ಲಿಟ್ಟು, ಮಾತ್ರೆ ಬಿಟ್ಟರೆ ಈ ಲಾಭ ಸಿಗುವುದಿಲ್ಲ.

ಅದೇ ಎದೆನೋವು: ಸ್ಟೆಂಟೋ ಮಾತ್ರೆಯೋ?

ಜನ ಅತಿ ಹೆಚ್ಚು ಗೊಂದಲಕ್ಕೆ ಬೀಳುವ ಜಾಗ ಇದೇ. "ಬ್ಲಾಕ್ ಇದೆ" ಎಂದರೆ ಸಾಕು, ನಾಳೆಯೇ ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ ಮನೆಯವರಿಗೆಲ್ಲ ಹಿಡಿಯುತ್ತದೆ.

37 ದೇಶಗಳ 5,179 ಜನರ ಮೇಲೆ ನಡೆದ 'ಇಸ್ಕೀಮಿಯಾ' ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಇವರ ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂದು ಹೃದಯಕ್ಕೆ ಶ್ರಮ ಕೊಟ್ಟು ನೋಡುವ ಸ್ಟ್ರೆಸ್ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಕಂಡಿತ್ತು. ಅರ್ಧ ಜನರಿಗೆ ಮಾತ್ರೆಯ ಜೊತೆಗೆ ಬೇಗನೆ ಆಂಜಿಯೋಗ್ರಾಮ್, ಬೇಕಿದ್ದರೆ ಸ್ಟೆಂಟ್ ಅಥವಾ ಬೈಪಾಸ್. ಇನ್ನರ್ಧ ಜನರಿಗೆ ಮಾತ್ರೆ, ಜೀವನಕ್ರಮ. ಅದು ಸಾಲದಿದ್ದರೆ ಮಾತ್ರ ಆಂಜಿಯೋಗ್ರಾಮ್. ಸತ್ತವರ ಸಂಖ್ಯೆ ಮೊದಲನೇ ಗುಂಪಿನಲ್ಲಿ 145, ಎರಡನೆಯದರಲ್ಲಿ 144. ಸಾವು, ಹಾರ್ಟ್ ಅಟ್ಯಾಕ್, ಹೃದಯದ ತೊಂದರೆಗೆ ಆಸ್ಪತ್ರೆ ಸೇರಿದ್ದು ಎಲ್ಲ ಸೇರಿಸಿ ಐದು ವರ್ಷಕ್ಕೆ ಶೇ. 16.4 ಮತ್ತು ಶೇ. 18.2. ಆದರೆ ಮೊದಲ ಆರು ತಿಂಗಳಲ್ಲಿ ಲೆಕ್ಕ ಉಲ್ಟಾ ಇತ್ತು: ಶೇ. 5.3 ಮತ್ತು ಶೇ. 3.4. ಚಿಕಿತ್ಸೆ ಮಾಡುವಾಗಲೇ ಆಗುವ ಸಣ್ಣ ಹಾರ್ಟ್ ಅಟ್ಯಾಕ್‌ಗಳು ಇದಕ್ಕೆ ಮುಖ್ಯ ಕಾರಣ.

ಹಾಗಾದರೆ ಸ್ಟೆಂಟ್ ವ್ಯರ್ಥವಾ? ಖಂಡಿತ ಅಲ್ಲ. ವಾರಕ್ಕೊಮ್ಮೆಯೋ ದಿನವೂ ಎದೆನೋವು ಬರುತ್ತಿದ್ದವರನ್ನು ಮಾತ್ರ ತೆಗೆದುಕೊಳ್ಳಿ. ಒಂದು ವರ್ಷದ ನಂತರ ನೋವೇ ಇಲ್ಲ ಎನ್ನುವವರು ಸ್ಟೆಂಟ್-ಬೈಪಾಸ್ ಗುಂಪಿನಲ್ಲಿ ಸುಮಾರು ಅರ್ಧದಷ್ಟು, ಮಾತ್ರೆ ಗುಂಪಿನಲ್ಲಿ ಸುಮಾರು ಐದರಲ್ಲಿ ಒಬ್ಬರು. ಬದುಕಿನ ಗುಣಮಟ್ಟಕ್ಕೆ ಇದು ಸಣ್ಣ ವಿಷಯವಲ್ಲ. ಅಧ್ಯಯನ ಶುರುವಾಗುವಾಗ ಒಂದು ತಿಂಗಳಿಂದ ನೋವೇ ಇರದಿದ್ದವರಿಗೆ ಮಾತ್ರ ಇಂಥ ಲಾಭ ಕಾಣಲಿಲ್ಲ. ನೋವಿಲ್ಲದವರಿಗೆ ನೋವು ಕಡಿಮೆ ಮಾಡುವುದಾದರೂ ಹೇಗೆ?

ಸ್ಟೆಂಟ್ ಹಾಕಿಸಿಕೊಂಡೆ ಎಂಬ ಧೈರ್ಯದಿಂದಲೇ ನೋವು ಕಡಿಮೆಯಾದ ಹಾಗೆ ಅನ್ನಿಸಬಹುದಲ್ಲ? ಬ್ರಿಟನ್ನಿನ ವೈದ್ಯರು ಇದನ್ನೂ ಬಿಡಲಿಲ್ಲ. 2017ರ 'ಆರ್ಬಿಟಾ' ಅಧ್ಯಯನದಲ್ಲಿ 200 ಜನರಿಗೆ ಮೊದಲು ಮಾತ್ರೆಗಳನ್ನು ಚೆನ್ನಾಗಿ ಹೊಂದಿಸಿದರು. ಆಮೇಲೆ ಅರ್ಧ ಜನರಿಗೆ ಸ್ಟೆಂಟ್ ಹಾಕಿದರು, ಉಳಿದವರಿಗೆ ಹಾಕಿದ ಹಾಗೆ ಮಾಡಿ ನಿಲ್ಲಿಸಿದರು. ತಮ್ಮದು ಯಾವುದು ಎಂದು ರೋಗಿಗಳಿಗೆ ಗೊತ್ತಿರಲಿಲ್ಲ. ಟ್ರೆಡ್‌ಮಿಲ್ ಮೇಲೆ ನಡೆಯುವ ಸಮಯದಲ್ಲಿ ಎರಡೂ ಗುಂಪಿನ ನಡುವೆ ಸಿಕ್ಕಿದ ವ್ಯತ್ಯಾಸ ಬರೀ 16.6 ಸೆಕೆಂಡು. 2023ರ 'ಆರ್ಬಿಟಾ-2'ರಲ್ಲಿ 301 ಜನರಿದ್ದರು. ಈ ಸಲ ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿ ಅದೇ ಪ್ರಯೋಗ ಮಾಡಿದರು. ಹನ್ನೆರಡು ವಾರದ ನಂತರ ನೋವು ಪೂರ್ತಿ ಹೋದವರು ಸ್ಟೆಂಟ್ ಗುಂಪಿನಲ್ಲಿ ಶೇ. 40, ಇನ್ನೊಂದರಲ್ಲಿ ಶೇ. 15.

ಎರಡನ್ನೂ ಸೇರಿಸಿ ಓದಿದರೆ ಚಿತ್ರ ಸ್ಪಷ್ಟ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಅದರ ಮೇಲೆ ಸ್ಟೆಂಟ್ ಹೆಚ್ಚೇನೂ ಕೊಡುವುದಿಲ್ಲ. ಮಾತ್ರೆ ಒಗ್ಗದವರಿಗೆ, ಮಾತ್ರೆ ಸಾಲದವರಿಗೆ ಸ್ಟೆಂಟ್ ನಿಜವಾದ ಉಪಶಮನ ಕೊಡುತ್ತದೆ. ಮೊದಲು ಮಾತ್ರೆ, ಆಮೇಲೂ ನೋವು ಕಾಡಿದರೆ ಸ್ಟೆಂಟ್ ಎಂಬ ಕ್ರಮ ಹೆಚ್ಚಿನವರಿಗೆ ಸರಿಹೊಂದುತ್ತದೆ. 'ಇಸ್ಕೀಮಿಯಾ'ದ ಮಾತ್ರೆ ಗುಂಪಿನಲ್ಲಿ ಮುಂದೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರು ಸುಮಾರು ಐದರಲ್ಲಿ ಒಬ್ಬರು. ಅಂದರೆ ಇವತ್ತು ಮಾತ್ರೆ ಎಂದು ಆರಿಸಿದರೆ ಸ್ಟೆಂಟಿನ ಬಾಗಿಲು ಮುಚ್ಚುವುದಿಲ್ಲ.

ಆದರೆ ಎಡ ಮುಖ್ಯ ರಕ್ತನಾಳ ಕಿರಿದಾದವರು, ಹೃದಯದ ಪಂಪು ಬಹಳ ದುರ್ಬಲ ಇರುವವರು, ಈಚೆಗಷ್ಟೇ ಹಾರ್ಟ್ ಅಟ್ಯಾಕ್ ಆದವರು 'ಇಸ್ಕೀಮಿಯಾ'ದಲ್ಲಿ ಇರಲಿಲ್ಲ. ಅವರು ಈ ಅಂಕಿಗಳನ್ನು ನೋಡಿ ಸ್ಟೆಂಟ್ ಬೇಡ ಎನ್ನಬಾರದು.

ಅಪೆಂಡಿಕ್ಸ್: ತೆಗೆಸುವುದೋ, ಆಂಟಿಬಯಾಟಿಕ್ಕೋ?

ದೊಡ್ಡ ಕರುಳಿಗೆ ಅಂಟಿಕೊಂಡ ಪುಟ್ಟ ಬಾಲದಂಥ ಅಪೆಂಡಿಕ್ಸ್ ಊದಿಕೊಂಡು ನೋವು ಬಂದರೆ, ನೂರು ವರ್ಷಕ್ಕೂ ಹೆಚ್ಚು ಕಾಲ ಇದ್ದದ್ದು ಒಂದೇ ಉತ್ತರ: ಆಪರೇಷನ್. ಈಗ ಹಾಗಿಲ್ಲ.

ಅಮೆರಿಕದ 25 ಆಸ್ಪತ್ರೆಗಳಲ್ಲಿ 1,552 ವಯಸ್ಕರ ಮೇಲೆ ನಡೆದ 'ಕೋಡಾ' ಅಧ್ಯಯನ 2020ರಲ್ಲಿ ಬಂತು. ಒಂದು ಗುಂಪಿಗೆ ಹತ್ತು ದಿನ ಆಂಟಿಬಯಾಟಿಕ್, ಇನ್ನೊಂದಕ್ಕೆ ಆಪರೇಷನ್. ಮೂವತ್ತು ದಿನದ ನಂತರ ಕೇಳಿದಾಗ ಎರಡೂ ಗುಂಪಿನವರ ಆರೋಗ್ಯ ಸಮಾನವಾಗಿತ್ತು. ಆಂಟಿಬಯಾಟಿಕ್ ಗುಂಪಿನವರು ಕೆಲಸಕ್ಕೆ ತಪ್ಪಿಸಿಕೊಂಡದ್ದು ಸರಾಸರಿ 5.3 ದಿನ, ಆಪರೇಷನ್ ಆದವರು 8.7 ದಿನ. ಇಲ್ಲಿಯವರೆಗೆ ಆಂಟಿಬಯಾಟಿಕ್ ಚೆನ್ನಾಗಿಯೇ ಕಾಣುತ್ತದೆ.

ಈಗ ಗುಂಪು ಬದಲಿಸಿದವರನ್ನು ನೋಡಿ. ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ 90 ದಿನದೊಳಗೆ ಶೇ. 29 ಜನರಿಗೆ ಆಪರೇಷನ್ ಆಗಲೇಬೇಕಾಯಿತು. ಒಂದು ವರ್ಷಕ್ಕೆ ಅದು ಶೇ. 40, ಎರಡು ವರ್ಷಕ್ಕೆ ಶೇ. 46. ಫಿನ್ಲೆಂಡಿನ ಇನ್ನೊಂದು ಅಧ್ಯಯನದಲ್ಲಿ ಐದು ವರ್ಷಕ್ಕೆ ಶೇ. 39. ಒಂದು ಅಂದಾಜಿಗೆ ಹೇಳುವುದಾದರೆ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಆಪರೇಷನ್ ಇಲ್ಲದೆ ಪಾರಾಗುತ್ತಾರೆ.

ಇದನ್ನು ಗೆಲುವು ಅನ್ನಬೇಕೋ ಸೋಲು ಅನ್ನಬೇಕೋ ಎಂಬುದು ನಿಮ್ಮ ಸ್ವಭಾವಕ್ಕೆ ಬಿಟ್ಟದ್ದು. ಮುಂದಿನ ವಾರ ಪರೀಕ್ಷೆ ಇದೆ, ಮನೆಯಲ್ಲಿ ಪುಟ್ಟ ಮಗು ಇದೆ, ಅರಿವಳಿಕೆ ಅಂದರೆ ತೊಂದರೆ ಇದೆ ಎನ್ನುವವರಿಗೆ ಆಂಟಿಬಯಾಟಿಕ್ ಒಳ್ಳೆಯ ಆಯ್ಕೆ. ಸಮುದ್ರದ ಮೇಲೆ ಅಥವಾ ಆಸ್ಪತ್ರೆ ಹತ್ತಿರವಿಲ್ಲದ ಕಡೆ ಕೆಲಸ ಮಾಡುವವರಿಗೆ, "ಮತ್ತೆ ಬರುತ್ತದೇನೋ" ಎಂಬ ಯೋಚನೆಯಲ್ಲೇ ನಿದ್ದೆಗೆಡುವವರಿಗೆ ಒಮ್ಮೆ ತೆಗೆಸಿಬಿಡುವುದೇ ವಾಸಿ.

ಒಂದು ವಿಷಯದಲ್ಲಿ ಮಾತ್ರ ಸ್ವಭಾವದ ಮಾತಿಲ್ಲ. ಅಪೆಂಡಿಕ್ಸ್ ಒಳಗೆ ಗಟ್ಟಿಯಾದ ಮಲದ ಕಲ್ಲು ಇದ್ದರೆ ಆಂಟಿಬಯಾಟಿಕ್ ಸೋಲುವ ಸಾಧ್ಯತೆ ಜಾಸ್ತಿ. 'ಕೋಡಾ'ದಲ್ಲಿ ಕಲ್ಲಿದ್ದವರಲ್ಲಿ 90 ದಿನದೊಳಗೆ ಶೇ. 41 ಜನರಿಗೆ ಆಪರೇಷನ್ ಆಯಿತು, ಇಲ್ಲದವರಲ್ಲಿ ಶೇ. 25. ಕೀವು, ಸೋಂಕಿನಂಥ ತೊಂದರೆಗಳೂ ಕಲ್ಲಿದ್ದವರಲ್ಲೇ ಹೆಚ್ಚು ಕಂಡವು. ಆದ್ದರಿಂದ ಆಂಟಿಬಯಾಟಿಕ್ ಎಂದು ಹೇಳುವ ಮೊದಲು "ಸ್ಕ್ಯಾನಿನಲ್ಲಿ ಕಲ್ಲು ಇದೆಯಾ?" ಎಂದು ಕೇಳಿ. ವಿಕಿರಣದ ಚಿಂತೆ ಇದ್ದರೆ ಕಡಿಮೆ ಪ್ರಮಾಣದ ಸಿ.ಟಿ. ಬಗ್ಗೆಯೂ ಕೇಳಬಹುದು. ದಕ್ಷಿಣ ಕೊರಿಯಾದಲ್ಲಿ 15ರಿಂದ 44 ವಯಸ್ಸಿನ 891 ಜನರ ಮೇಲೆ ಇದನ್ನು ನೋಡಿದ್ದಾರೆ. ಅಪೆಂಡಿಕ್ಸ್ ಸರಿಯಿದ್ದರೂ ಸುಮ್ನೆ ತೆಗೆದ ಪ್ರಸಂಗ ಕಡಿಮೆ ವಿಕಿರಣದ ಸಿ.ಟಿ.ಯಲ್ಲಿ ಶೇ. 3.5, ಮಾಮೂಲಿ ಸಿ.ಟಿ.ಯಲ್ಲಿ ಶೇ. 3.2.

ಮಕ್ಕಳಿಗೆ? ಐದು ದೇಶಗಳ 936 ಮಕ್ಕಳ ಅಧ್ಯಯನ 2025ರಲ್ಲಿ ಪ್ರಕಟವಾಗಿದೆ. ಒಂದು ವರ್ಷದಲ್ಲಿ ಆಂಟಿಬಯಾಟಿಕ್ ವಿಫಲವಾದದ್ದು ಶೇ. 34. ಆಪರೇಷನ್ ಗುಂಪಿನಲ್ಲಿ ಅಂಥ ಲೆಕ್ಕ ಶೇ. 7. ಮೂವರಲ್ಲಿ ಇಬ್ಬರು ಮಕ್ಕಳು ಆ ವರ್ಷ ಆಪರೇಷನ್ ಇಲ್ಲದೆ ಕಳೆದರು ಎಂದೂ ಇದನ್ನು ಓದಬಹುದು.

ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಸೋಂಕು ಹರಡಿದವರು, ಗರ್ಭಿಣಿಯರು 'ಕೋಡಾ'ದಲ್ಲಿ ಇರಲಿಲ್ಲ.

ಮಂಡಿಯ ಮೆನಿಸ್ಕಸ್ ಸವೆದು ಹರಿದಿದ್ದರೆ

ಮೆನಿಸ್ಕಸ್ ಎಂದರೆ ಮಂಡಿಯ ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ. ಇಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ, ಏಕೆಂದರೆ ಉತ್ತರ ಸಾಕಷ್ಟು ಖಚಿತವಾಗಿದೆ. ಫಿನ್ಲೆಂಡಿನಲ್ಲಿ 35ರಿಂದ 65 ವಯಸ್ಸಿನ 146 ಜನರನ್ನು ತೆಗೆದುಕೊಂಡು, ಅರ್ಧ ಜನರಿಗೆ ಸಣ್ಣ ತೂತಿನಿಂದ ಕ್ಯಾಮೆರಾ ನಳಿಗೆ ತೂರಿಸಿ ಮಾಡುವ ಆಪರೇಷನ್ನಿನಲ್ಲಿ ಹರಿದ ಭಾಗ ಕತ್ತರಿಸಿದರು. ಉಳಿದವರಿಗೆ ಕತ್ತರಿಸಿದ ಹಾಗೆ ಮಾಡಿದರು, ಅಷ್ಟೇ. ಒಂದು ವರ್ಷದ ನಂತರ ಎರಡೂ ಗುಂಪಿಗೆ ನೋವು ಕಡಿಮೆಯಾಗಿತ್ತು, ಆದರೆ ಒಂದು ಇನ್ನೊಂದಕ್ಕಿಂತ ಮೇಲಾಗಿರಲಿಲ್ಲ. ಇದು 2013ರ ಮಾತು. ನೆದರ್ಲೆಂಡ್ಸ್‌ನ 2018ರ ಅಧ್ಯಯನದಲ್ಲಿ 321 ಜನರಿದ್ದರು. 16 ಸಲದ ಫಿಸಿಯೋಥೆರಪಿ ಆಪರೇಷನ್ನಿಗೆ ಕಡಿಮೆ ಬೀಳಲಿಲ್ಲ. ವಯಸ್ಸಾದ ಹಾಗೆ ಸವೆದ ಮಂಡಿಗೆ ಈ ಆಪರೇಷನ್ ಬೇಡ ಎಂದು 2017ರಲ್ಲಿ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ಬಲವಾಗಿಯೇ ಹೇಳಿತು.

ಮೊದಲು ಫಿಸಿಯೋಥೆರಪಿ ಮಾಡಿ, ಅದನ್ನು ಮಧ್ಯದಲ್ಲಿ ಬಿಡಬೇಡಿ. ಆಟವಾಡುವಾಗ ತಿರುಚಿ ಹರಿದದ್ದು, ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡು ನೇರವಾಗದಿರುವುದು ಬೇರೆ ಕಥೆ. ಅದಕ್ಕೆ ತಜ್ಞರನ್ನು ಬೇಗ ಕಾಣಬೇಕು.

ಪ್ರಾಸ್ಟೇಟ್ ಕ್ಯಾನ್ಸರ್: ಕಾಯುವ ಧೈರ್ಯ

"ಕ್ಯಾನ್ಸರ್" ಎಂದು ಕೇಳಿದ ಮೇಲೆ ಕಾಯುವುದು ಎಂದರೆ ಯಾರಿಗೆ ತಾನೇ ಸುಲಭ? ಆದರೂ ಈ ಒಂದು ಅಧ್ಯಯನವನ್ನು ನಿಧಾನವಾಗಿ ಓದಬೇಕು.

ಬ್ರಿಟನ್ನಿನಲ್ಲಿ 1999ರಿಂದ 2009ರವರೆಗೆ 50ರಿಂದ 69 ವಯಸ್ಸಿನ 82,429 ಗಂಡಸರಿಗೆ ಪಿ.ಎಸ್.ಎ. (ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನ್) ರಕ್ತಪರೀಕ್ಷೆ ಮಾಡಿದರು. ಕ್ಯಾನ್ಸರ್ ಪ್ರಾಸ್ಟೇಟಿನಲ್ಲೇ ಉಳಿದಿದ್ದ 1,643 ಜನ 'ಪ್ರೊಟೆಕ್ಟ್' ಅಧ್ಯಯನ ಸೇರಿದರು. ಕೆಲವರಿಗೆ ಆಪರೇಷನ್, ಕೆಲವರಿಗೆ ರೇಡಿಯೇಷನ್, ಕೆಲವರಿಗೆ ಬರೀ ನಿಗಾ. 2023ರಲ್ಲಿ ಪ್ರಕಟವಾದ 15 ವರ್ಷದ ಲೆಕ್ಕದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಒಟ್ಟು 45 ಜನ: ನಿಗಾದಲ್ಲಿ 17, ಆಪರೇಷನ್ನಿನಲ್ಲಿ 12, ರೇಡಿಯೇಷನ್ನಿನಲ್ಲಿ 16. ಮೂರೂ ಗುಂಪಿನಲ್ಲಿ ಸುಮಾರು ಶೇ. 97 ಜನ ಈ ಕ್ಯಾನ್ಸರಿನಿಂದ ಸತ್ತಿರಲಿಲ್ಲ.

ನಿಗಾಕ್ಕೆ ತೆರಬೇಕಾದ ಬೆಲೆಯೂ ಇದೆ. ಕ್ಯಾನ್ಸರ್ ಬೇರೆ ಕಡೆ ಹರಡಿದ್ದು ನಿಗಾದವರಲ್ಲಿ ಶೇ. 9.4, ಆಪರೇಷನ್ ಆದವರಲ್ಲಿ ಶೇ. 4.7, ರೇಡಿಯೇಷನ್ ಆದವರಲ್ಲಿ ಶೇ. 5. ನಿಗಾದಲ್ಲಿದ್ದವರಲ್ಲಿ ಹತ್ತಕ್ಕೆ ಆರು ಜನ ಮುಂದೆ ಯಾವುದೋ ಹಂತದಲ್ಲಿ ಆಪರೇಷನ್ ಅಥವಾ ರೇಡಿಯೇಷನ್‌ಗೆ ಹೋದರು.

ಉಳಿದ ಎರಡಕ್ಕೂ ಅವುಗಳದ್ದೇ ಬೆಲೆ ಇದೆ. ಚಿಕಿತ್ಸೆಯಾಗಿ ಹನ್ನೆರಡು ವರ್ಷ ಆಗುವ ಹೊತ್ತಿಗೆ ಮೂತ್ರ ಸೋರುವುದಕ್ಕೆ ಪ್ಯಾಡ್ ಬಳಸುತ್ತಿದ್ದವರು ಆಪರೇಷನ್ ಗುಂಪಿನಲ್ಲಿ ಶೇ. 24, ನಿಗಾದಲ್ಲಿ ಶೇ. 11, ರೇಡಿಯೇಷನ್ನಿನಲ್ಲಿ ಶೇ. 8. ಮಲ ಸೋರುವ ತೊಂದರೆ ರೇಡಿಯೇಷನ್ ಆದವರಲ್ಲಿ ಶೇ. 12, ಉಳಿದವರಲ್ಲಿ ಅದರ ಅರ್ಧ. ಲೈಂಗಿಕ ಶಕ್ತಿಗೆ ಆಪರೇಷನ್ನಿನಿಂದ ಮೊದಲ ವರ್ಷಗಳಲ್ಲೇ ದೊಡ್ಡ ಪೆಟ್ಟು ಬೀಳುತ್ತದೆ. ವಯಸ್ಸಾಗುತ್ತಾ ಹೋದಂತೆ ಉಳಿದ ಗುಂಪಿನವರಲ್ಲೂ ಅದು ಇಳಿಯುತ್ತದೆ. ಈ ಮಾತುಗಳನ್ನು ಆಡಲು ಎಷ್ಟೋ ಗಂಡಸರು ನಾಚುತ್ತಾರೆ, ಹೆಂಡತಿಯ ಮುಂದೆಯೂ ಹೇಳುವುದಿಲ್ಲ. ದಯವಿಟ್ಟು ಆಡಿ. ಚಿಕಿತ್ಸೆ ಆದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿರುವುದು ಎಷ್ಟೋ ಮೇಲು.

ಕಡಿಮೆ ಅಪಾಯದ ಕ್ಯಾನ್ಸರ್ ಎಂದು ಬಯಾಪ್ಸಿ (ಸೂಜಿಯಿಂದ ತುಣುಕು ತೆಗೆದು ನೋಡುವ ಪರೀಕ್ಷೆ) ಹೇಳಿದರೆ ನಿಗಾವನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 'ಪ್ರೊಟೆಕ್ಟ್'ನಲ್ಲಿ ನಿಗಾ ಎಂದರೆ ಮುಖ್ಯವಾಗಿ ಪಿ.ಎಸ್.ಎ. ಏರಿಳಿತ ನೋಡುವುದಾಗಿತ್ತು. ಈಗ ಎಂ.ಆರ್.ಐ., ಮರುಬಯಾಪ್ಸಿ ಎಲ್ಲ ಸೇರಿ ನಿಗಾ ಇನ್ನೂ ಬಿಗಿಯಾಗಿದೆ. ಆದರೆ ಹೇಳಿದ ದಿನಕ್ಕೆ ಪರೀಕ್ಷೆಗೆ ಹೋಗುವವರಿಗೆ ಮಾತ್ರ ಈ ದಾರಿ. ಅಪಾಯ ಹೆಚ್ಚಿರುವ ಬಗೆಯ ಕ್ಯಾನ್ಸರಿಗೆ ಇದು ಅಲ್ಲವೇ ಅಲ್ಲ.

ಪತ್ತೆ ಮಾಡುವ ವಿಧಾನದಲ್ಲೂ ಆಯ್ಕೆ ಇದೆ. ಪಿ.ಎಸ್.ಎ. ಹೆಚ್ಚಿದ್ದರೆ ಹಿಂದೆ ನೇರವಾಗಿ ಸೂಜಿ ಹಾಕಿ ಹತ್ತು ಹನ್ನೆರಡು ತುಣುಕು ತೆಗೆಯುತ್ತಿದ್ದರು. 2018ರಲ್ಲಿ ಬಂದ 500 ಜನರ ಅಧ್ಯಯನದಲ್ಲಿ ಒಂದು ಗುಂಪಿಗೆ ಮೊದಲು ಎಂ.ಆರ್.ಐ. ಮಾಡಿ, ಅನುಮಾನ ಬಂದ ಜಾಗಕ್ಕೆ ಮಾತ್ರ ಸೂಜಿ ಹಾಕಿದರು. ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಎಂ.ಆರ್.ಐ. ಗುಂಪಿನಲ್ಲಿ ಶೇ. 38 ಜನರಲ್ಲಿ ಸಿಕ್ಕಿತು, ಹಳೆಯ ವಿಧಾನದಲ್ಲಿ ಶೇ. 26. ತೊಂದರೆ ಕೊಡದೆ ಸುಮ್ಮನೆ ಇದ್ದುಬಿಡುವಂಥ ಕ್ಯಾನ್ಸರ್ ಸಿಕ್ಕಿದ್ದು ಶೇ. 9 ಮತ್ತು ಶೇ. 22. ಬೇಕಾದದ್ದು ಹೆಚ್ಚು ಸಿಗುತ್ತದೆ, ಬೇಡದ ಭಯ ಕಡಿಮೆಯಾಗುತ್ತದೆ. ಅವಕಾಶ ಇದ್ದರೆ ಎಂ.ಆರ್.ಐ. ಮೊದಲು.

ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ: ಮಲ ಪರೀಕ್ಷೆಯೋ, ಕೊಲೊನೋಸ್ಕೋಪಿಯೋ?

ಇದು ಯಾವ ತೊಂದರೆಯೂ ಇಲ್ಲದವರ ತಪಾಸಣೆಯ ಮಾತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ತಪಾಸಣೆಯ ಲೆಕ್ಕ ಬಿಟ್ಟು ನೇರವಾಗಿ ಡಾಕ್ಟರನ್ನು ಕಾಣಬೇಕು.

ಪೋಲೆಂಡ್, ನಾರ್ವೆ, ಸ್ವೀಡನ್‌ಗಳ 84,585 ಜನರ ಅಧ್ಯಯನ 2022ರಲ್ಲಿ ಬಂದಾಗ ದೊಡ್ಡ ಗದ್ದಲವಾಯಿತು. ಕೊಲೊನೋಸ್ಕೋಪಿಗೆ, ಅಂದರೆ ಗುದದ್ವಾರದಿಂದ ಕ್ಯಾಮೆರಾ ನಳಿಗೆ ತೂರಿಸಿ ದೊಡ್ಡ ಕರುಳು ನೋಡುವ ಪರೀಕ್ಷೆಗೆ, ಕರೆದ ಗುಂಪಿನಲ್ಲಿ ಹತ್ತು ವರ್ಷದ ಕ್ಯಾನ್ಸರ್ ಅಪಾಯ ಶೇ. 18ರಷ್ಟು ಕಡಿಮೆಯಾಗಿತ್ತು. ಅದನ್ನೇ ಇನ್ನೊಂದು ರೀತಿ ಹೇಳಿದರೆ, ಶೇ. 1.20 ಇದ್ದದ್ದು ಶೇ. 0.98 ಆಯಿತು. ಎರಡೂ ನಿಜ. ಆದರೆ ಮೊದಲನೆಯದು ಕಿವಿಗೆ ದೊಡ್ಡದಾಗಿ ಕೇಳುತ್ತದೆ, ಎರಡನೆಯದು ತೀರ್ಮಾನಕ್ಕೆ ನೆರವಾಗುತ್ತದೆ. "ಅಪಾಯ ಇಷ್ಟು ಶೇಕಡಾ ಇಳಿಯುತ್ತದೆ" ಎಂದು ಯಾರೇ ಹೇಳಲಿ, "ಎಷ್ಟರಿಂದ ಎಷ್ಟಕ್ಕೆ?" ಎಂದು ಕೇಳಿ. ಇನ್ನೊಂದು ವಿಷಯ, ಕರೆದವರಲ್ಲಿ ಪರೀಕ್ಷೆಗೆ ಬಂದವರೇ ಶೇ. 42. ಕರೆದವರೆಲ್ಲ ಬಂದಿದ್ದರೆ ಅಪಾಯ ಶೇ. 1.22ರಿಂದ 0.84ಕ್ಕೆ ಇಳಿಯುತ್ತಿತ್ತು ಎಂದು ಸಂಶೋಧಕರು ಅಂದಾಜು ಮಾಡಿದರು.

ನೇರ ಹೋಲಿಕೆ ಮಾಡಿದ್ದು ಸ್ಪೇನ್. 50ರಿಂದ 69 ವಯಸ್ಸಿನ 57,404 ಜನರಲ್ಲಿ ಅರ್ಧ ಜನರನ್ನು ಒಂದು ಸಲದ ಕೊಲೊನೋಸ್ಕೋಪಿಗೂ ಉಳಿದವರನ್ನು ಎರಡು ವರ್ಷಕ್ಕೊಮ್ಮೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಪರೀಕ್ಷೆಗೂ ಕರೆದರು. ಹತ್ತು ವರ್ಷದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಕ್ರಮವಾಗಿ ಶೇ. 0.22 ಮತ್ತು ಶೇ. 0.24. ಅಂದರೆ ಸಮ. ಪರೀಕ್ಷೆಗೆ ಒಪ್ಪಿ ಬಂದವರು ಮಾತ್ರ ಕೊಲೊನೋಸ್ಕೋಪಿಗೆ ಶೇ. 31.8, ಮಲ ಪರೀಕ್ಷೆಗೆ ಶೇ. 39.9.

ಹಾಗಾಗಿ ಕರುಳು ಖಾಲಿ ಮಾಡುವ ಔಷಧಿ ಕುಡಿಯುವುದು, ನಳಿಗೆ ಹಾಕಿಸಿಕೊಳ್ಳುವುದು ಎಂದರೆ ಹಿಂಜರಿದು ವರ್ಷಗಟ್ಟಲೆ ಮುಂದೂಡುತ್ತಿರುವವರು ಮಲ ಪರೀಕ್ಷೆಯನ್ನು ನೆಮ್ಮದಿಯಾಗಿ ಆರಿಸಬಹುದು. ಒಂದೇ ಸಲಕ್ಕೆ ಮುಗಿಯಲಿ, ಗಂಟು ಸಿಕ್ಕರೆ ಅಲ್ಲೇ ತೆಗೆಯಲಿ ಎನ್ನುವವರಿಗೆ ಕೊಲೊನೋಸ್ಕೋಪಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಸಾಮಾನ್ಯವಾಗಿ ಡಾಕ್ಟರು ಕೊಲೊನೋಸ್ಕೋಪಿಯನ್ನೇ ಹೇಳುತ್ತಾರೆ. ಮಲ ಪರೀಕ್ಷೆಯಲ್ಲಿ ರಕ್ತ ಇದೆ ಎಂದು ಬಂದರೆ "ಮೂಲವ್ಯಾಧಿ ಇರಬೇಕು" ಎಂದುಕೊಂಡು ಬಿಡಬೇಡಿ, ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ ಸಮಾಧಾನ ಪಟ್ಟುಕೊಳ್ಳಲೂ ಬೇಡಿ. ಆಗ ಕೊಲೊನೋಸ್ಕೋಪಿ ಆಗಲೇಬೇಕು, ತಿಂಗಳುಗಟ್ಟಲೆ ತಡಮಾಡದೆ.